ಆಮೆ ಕಡುಬಿನ ಋಣ

ಚುವಾನ್‌ಚೌ
೧೯೪೭, ವರ್ಷದ ಮೊದಲ ತಿಂಗಳ ಹದಿನೇಳು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಸೊಕ್‌ಹುನ್ ಮಾಡುವ ನಮಸ್ಕಾರ. ಹೊಸ ವರ್ಷಕ್ಕೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಅಂಟಕ್ಕಿ ಬೀಸಿ ಬೀಸಿ ತೋಳು ಎತ್ತಲಾಗುತ್ತಿಲ್ಲ. ನಿನ್ನ ಕೆಮ್ಮು ಹೇಗಿದೆ?

ಮೊನ್ನೆ ಹುಣ್ಣಿಮೆಯ ಲಾಂದ್ರದ ಹಬ್ಬಕ್ಕೆ ಕಡಲು ಕಾಯುವ ಮಾಜು ಅಮ್ಮನ ಗುಡಿಗೆ ಆಮೆ ಕಡುಬು ಒಪ್ಪಿಸಿ ಬಂದೆ. ಯುದ್ಧದಲ್ಲಿ ಮನಿಲಾದಿಂದ ನಮ್ಮವರ ಕಾಗದ ನಿಂತುಹೋದಾಗ, ಅಮ್ಮನ ಮುಂದೆ ಬೇಡಿಕೊಂಡು ಅಂಗೈಯಗಲದ ಆಮೆ ಕಡುಬನ್ನು ಗುಡಿಯಿಂದ ಮನೆಗೆ ತಂದಿದ್ದೆನಲ್ಲ, ಅದರ ಋಣ. ಬೇಡಿದ್ದು ನಡೆದರೆ ತಂದದ್ದಕ್ಕಿಂತ ದೊಡ್ಡದನ್ನು ಒಪ್ಪಿಸಬೇಕು. ನಡೆಯದಿದ್ದರೆ ಅಮ್ಮ ಏನೂ ಕೇಳುವುದಿಲ್ಲ. ನನ್ನದು ಮೊರದಷ್ಟಗಲ ಆಯಿತು. ನೀನು ಕಳಿಸಿದ ಕೆಂಪು ಬಣ್ಣ ಚೆನ್ನಾಗಿ ಹಿಡಿಯಿತು. ಕಡಲೆಕಾಯಿ ಹೂರಣ ಮಾತ್ರ ಒಂದು ಕಾಲಿನಿಂದ ಹೊರಗೆ ಇಣುಕಿತು. ದಣಿದ ಆಮೆ, ಇರಲಿ ಬಿಡು ಅಂದುಕೊಂಡೆ.

ದಾರಿಯುದ್ದಕ್ಕೂ ಜನ ನಿಲ್ಲಿಸಿದರು. ಆಮೆ ಒಪ್ಪಿಸಲು ಹೊರಟವಳೆಂದರೆ ಬೇಡಿದ್ದು ಕೈಗೂಡಿತೆಂದೇ ಲೆಕ್ಕ. ಬಾಯಿಬಿಟ್ಟು ಬೇಡುವ ಪದ್ಧತಿಯಿಲ್ಲ ನಿಜ. ಆದರೆ ಗಂಡ ಸಮುದ್ರದಾಚೆ ಇರುವವಳು ಇನ್ನೇನು ಬೇಡಿಯಾಳು ಎಂದು ಊರೇ ತೀರ್ಮಾನಿಸಿತು. ಎಣ್ಣೆ ಅಂಗಡಿಯ ಮುದುಕಿ ಬುಟ್ಟಿಯೊಳಗೆ ಬಗ್ಗಿ ನೋಡಿ, "ಇಷ್ಟು ದೊಡ್ಡದು ಮಾಡಿದೀಯ ಅಂದ್ರೆ ಗಂಡ ಹಡಗು ಹತ್ತಿದ ಅನ್ನು. ಇನ್ಮೇಲಾದ್ರೂ ಮುಖಕ್ಕೆ ಒಂಚೂರು ಪೌಡರ್ ಹಚ್ಕೊಳ್ಳೇ," ಅಂದಳು. ನಕ್ಕೆ. ಬುಟ್ಟಿ ಎತ್ತಿಕೊಂಡು ಮುಂದೆ ನಡೆದೆ.

ಸುದ್ದಿ ತಂದವನು ಕೆಳಬೀದಿಯ ಬಡಗಿ ಹೊಕ್‌ಗಿಮ್. ಹೊಸ ವರ್ಷಕ್ಕೆಂದು ಮನಿಲಾದಿಂದ ಬಂದವನು ನಮ್ಮವರನ್ನು ಕಣ್ಣಾರೆ ನೋಡಿದೆ, ಬದುಕಿದ್ದಾರೆ, ಮೈಕೈ ತುಂಬಿಕೊಂಡಿದ್ದಾರೆ ಎಂದು ಅತ್ತೆಯ ಎದುರಿಗೇ ಹೇಳಿದ. ಅತ್ತೆಗೆ ಅಷ್ಟೇ ಸಾಕಾಯಿತು. ಅಂದಿನಿಂದ ಮಗನ ಹಾಸಿಗೆಯನ್ನು ದಿನಾ ಬಿಸಿಲಿಗೆ ಹಾಕಿಸುತ್ತಾರೆ, ಸಂಜೆ ನನ್ನನ್ನು ಕರೆದು ಒಳಗಿಡಿಸುತ್ತಾರೆ. ಉಳಿದ ಹಿಟ್ಟಿನಲ್ಲಿ ಮಾಡಿದ ಮರಿ ಆಮೆಯನ್ನೂ ಅವನಿಗೆಂದು ಮುಚ್ಚಿಟ್ಟಿದ್ದಾರೆ. ಆಗಲೇ ಗಟ್ಟಿಯಾಗಿದೆ, ತಿಂದುಬಿಡಿ ಅಂದರೆ, "ಹಬೇಲಿಟ್ರೆ ಮೆತ್ತಗಾಗುತ್ತೆ ಬಿಡು, ನಿಂಗೇನು ಅವಸರ" ಅನ್ನುತ್ತಾರೆ.

ಗುಡಿಯಲ್ಲಿ ನನ್ನ ಆಮೆಯನ್ನು ಮೀನುಗಾರರ ಸೊಸೆಯೊಬ್ಬಳು ಬೇಡಿಕೊಂಡಳು. ಅಮ್ಮನ ಒಪ್ಪಿಗೆ ಕೇಳಲು ಅವಳು ಎಸೆದ ಜೋಡಿ ಮರದ ತುಂಡುಗಳಲ್ಲಿ ಒಂದು ಅಂಗಾತ, ಒಂದು ಬೋರಲು ಬಿತ್ತು, ಅಮ್ಮ ಒಪ್ಪಿದಳು. ಹೊರಡುವಾಗ ಹುಡುಗಿ ನನ್ನ ತೋಳು ಸವರಿದಳು, ನನ್ನ ಅದೃಷ್ಟ ತನಗೂ ಅಂಟಲಿ ಎಂದು. ಸರಿಯಾಗಿ ಯೋಚಿಸಿ ಬೇಡಿಕೊಂಡೆಯಾ ಮಗಳೇ ಎಂದು ಕೇಳಬೇಕೆನಿಸಿತು. ಹಾಗೆಲ್ಲ ಕೇಳಬಾರದು.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆಯವರನ್ನೆಲ್ಲ ಅಮ್ಮ ಒಂದೇ ಸೂರಿನಡಿ ಇಟ್ಟಿರಲಿ.

ನಿನ್ನ
ಸೊಕ್‌ಹುನ್

ಮತ್ತೊಂದು ಮಾತು. ಹೊಕ್‌ಗಿಮ್ ಉಳಿದದ್ದನ್ನು ಅತ್ತೆಗೆ ಕೇಳಿಸದಂತೆ ಬಾಗಿಲಾಚೆ ನಿಂತು ಹೇಳಿದ. ನಮ್ಮವರಿಗೆ ಅಲ್ಲಿ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳು. "ಕಾಯೋದು ಬೇಡ ಅಂತ ಹೇಳು ಅಂದ್ರು, ಅತ್ತಿಗೆ," ಎಂದು ತಲೆ ತಗ್ಗಿಸಿದ. ಮತ್ತೆ ಆಮೆ ಯಾಕೆ ಒಪ್ಪಿಸಿದೆ ಎಂದು ನೀನು ಕೇಳುತ್ತೀ. ಮನಿಲಾದ ಮೇಲೆ ಬಾಂಬು ಬಿದ್ದ ಆ ವರ್ಷ, ಗಾಬರಿಯಲ್ಲಿ, ಅವರನ್ನು ಬದುಕಿಸಿಡು ತಾಯಿ ಎಂದಷ್ಟೇ ಬೇಡಿದ್ದೆ. ಮನೆಗೆ ಕಳಿಸು ಅನ್ನುವುದು ನೆನಪಾಗಲೇ ಇಲ್ಲ. ಬೇಡಿದ್ದನ್ನು ಅಮ್ಮ ಕೊಟ್ಟಿದ್ದಾಳೆ ಅಕ್ಕ, ಅಷ್ಟನ್ನೇ. ಅತ್ತೆಗೆ ಇನ್ನೂ ಹೇಳಿಲ್ಲ. ಬಿಸಿಲು ಇಳಿಯಿತು, ಕರೆಯುತ್ತಿದ್ದಾರೆ, ಹಾಸಿಗೆ ಒಳಗಿಡಬೇಕು.