ಸಿನಿಮಾದಲ್ಲಿ ಇಲ್ಲದ ಗಂಜಿ

ಆನಂದಪುರ
ಸೋಮವಾರ

ದುರ್ಗೇಶ್ ಭಾವನವರಿಗೆ ನಮಸ್ಕಾರ.

ಕುರುಡಿ ತಾಯಿಯೊಬ್ಬಳು ಊರುಬಿಟ್ಟು ಹೋಗಿದ್ದ ಮಗನನ್ನು ಅವನು ಗಂಜಿ ಕುಡಿಯುವ ಸದ್ದಿನಿಂದಲೇ ಗುರುತಿಸುವ ಕಥೆಯನ್ನು ಮೊದಲು ಹೇಳಿದ್ದು ನಮ್ಮ ಅಪ್ಪ, ನಿಮ್ಮ ಮದುವೆಯಾದ ವರ್ಷ. ನೀವು ಪಕ್ಕದಲ್ಲೇ ಕೂತು ಕೇಳಿದ್ದಿರಿ.

ಮೊನ್ನೆ ಶನಿವಾರ ಯೋಗರಾಜನ ಟೈಲರ್ ಅಂಗಡಿಯಲ್ಲಿ, ತೀರ್ಥಹಳ್ಳಿಯಲ್ಲಿ ನೋಡಿಬಂದ ತಮಿಳು ಸಿನಿಮಾದ ಕಥೆ ಎಂದು ಅದನ್ನೇ ಹೇಳಿದಿರಿ. ವರ್ಷದಿಂದ ಎಲ್ಲರೂ ಕಾದಿದ್ದ ಸಿನಿಮಾ ಸಪ್ಪೆಯಾಗಿತ್ತು ಎನ್ನಲು ನಿಮಗೆ ಮನಸ್ಸು ಬಂದಿರಲಿಕ್ಕಿಲ್ಲ. ಅಪ್ಪ ಆ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದವರೆಲ್ಲ ನಿಮ್ಮೆದುರು ಕಣ್ಣೊರೆಸಿಕೊಂಡರು. ಅಲ್ಲೇ ಕೂತು ಕೇಳಿದ ಅಪ್ಪ ಮನೆಗೆ ಬಂದು, "ನನ್ ಕಥೆ ಮದ್ರಾಸಿನವರೆಗೂ ಹೋಯ್ತೇನೇ ಮಂಜೂ?" ಎಂದರು.

ಭಾನುವಾರ ಇಸ್ತ್ರಿ ಮಾಡಿದ ಪಂಚೆ ಉಟ್ಟು ಎಲ್ಲರ ಜೊತೆ ಆ ಸಿನಿಮಾ ನೋಡಲು ಸಾಗರದ ಟಾಕೀಸಿಗೆ ಬಂದರು. ಮೂರು ಗಂಟೆ ಬರೀ ಗುಂಡಿನ ಸದ್ದು. ತಾಯಿಯೂ ಇಲ್ಲ, ಗಂಜಿಯೂ ಇಲ್ಲ. ಜನ ಬೈಯುತ್ತ ಎದ್ದರೂ ಅಪ್ಪ ಏಳಲಿಲ್ಲ. "ಇನ್ನೂ ಬರ್ತದೆ, ಕೂತ್ಕೋ" ಎಂದರು. ಕಸ ಗುಡಿಸುವವಳು ಬಂದು ಎಬ್ಬಿಸಬೇಕಾಯಿತು.

ಹಬ್ಬಕ್ಕೆ ಬಂದಾಗ, ಅದು ಯಾರ ಕಥೆ ಎಂದು ಅದೇ ಅಂಗಡಿಯಲ್ಲಿ ಒಮ್ಮೆ ಹೇಳಿಬಿಡಿ. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಅಕ್ಕನಿಗೆ ಈ ಪತ್ರ ತೋರಿಸಬೇಡಿ.

ಇವತ್ತು ಬೆಳಿಗ್ಗೆ ಯೋಗರಾಜ ಮತ್ತು ನಾಲ್ಕೈದು ಜನ ನಮ್ಮ ಅಂಗಳಕ್ಕೆ ಬಂದಿದ್ದರು. ಅಪ್ಪ ಚಾಪೆ ಹಾಸಿದರು. ಅವರು ಕೂರಲಿಲ್ಲ. "ಸಿನಿಮಾ ಹಾಳಾಗ್ಲಿ, ನಿಮ್ ಅಳಿಯ ಎಷ್ಟ್ ಚೆಂದ ಕಥೆ ಕಟ್ತಾರೆ ಮಾರಾಯ್ರೆ! ಮತ್ತೆ ಯಾವಾಗ ಬರ್ತಾರೆ?" ಎಂದು ಕೇಳಿಕೊಂಡು ಹೋದರು.

ಇಂತಿ,
ಮಂಜುಶ್ರೀ