ಎರಡನೆಯ ದ್ವೀಪದ ದಿನ

ಭಾನುವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಹುಡುಗಿ,

ಆಶೀರ್ವಾದವನ್ನು ಮೊದಲೇ ಬರೆದುಬಿಡುತ್ತೇನೆ, ಕೊನೆಯಲ್ಲಿ ಜಾಗ ಉಳಿಯುತ್ತದೋ ಇಲ್ಲವೋ. ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಆರಾಮವಾಗಿದ್ದೇನೆ. ಮಂಡಿ ಮಾತ್ರ ನನ್ನ ಹಳೆಯ ಹೊಲಿಗೆ ಯಂತ್ರದ ಹಾಗೆ. ಎಣ್ಣೆ ಹಚ್ಚಿದ ದಿನ ಓಡುತ್ತದೆ, ಹಚ್ಚದ ದಿನ ಕಿರುಗುಟ್ಟುತ್ತದೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆಗಳು ತೆರೆಯುವ ಸಮಯ. ಮಕ್ಕಳೆಲ್ಲ ರಜೆಯಲ್ಲಿ ಗೇಣು ಗೇಣು ಬೆಳೆದು ಬಂದಿದ್ದಾರೆ. ಪ್ಯಾಂಟುಗಳ ಮಡಿಕೆ ಬಿಚ್ಚಿ ಉದ್ದ ಬಿಡುವುದರಲ್ಲೇ ದಿನ ಮುಗಿಯುತ್ತಿತ್ತು. ಇದು ನೆಪ ಎಂದು ನಿನಗೂ ಗೊತ್ತು. ಫೋನಿನಲ್ಲಿ ನಾವಿಬ್ಬರೂ ಅಷ್ಟು ಕೂಗಾಡಿದ ಮೇಲೆ, “ನೀವೇ ಹೋಗಿ ಬನ್ನಿ ಅಮ್ಮ, ನಾನು ಬರಲ್ಲ” ಎಂದು ನೀನು ಇಟ್ಟುಬಿಟ್ಟೆಯಲ್ಲ, ಅದು ಕಿವಿಯಲ್ಲೇ ಕೂತಿತ್ತು. ದಿನಾ ಸಂಜೆ ಡೈರಿಯಲ್ಲಿ ನಾಲ್ಕು ಸಾಲು ಗೀಚುವವಳು ನಾನು. ಇದನ್ನೂ ಗೀಚಿದೆ. ಆದರೆ ಡೈರಿ ತಿರುಗಿ ಮಾತಾಡುವುದಿಲ್ಲ. ನೀನು ಆಡುತ್ತೀಯ. ಅದಕ್ಕೇ ಈ ಕಾಗದ.

ಮುಖ್ಯ ವಿಷಯ ಮೊದಲು. ನೀನು ಬರುತ್ತೀಯ. ಹಾಗೆಂದು ಪ್ರವಾಸದ ಕಚೇರಿಯಲ್ಲಿ ಹೇಳಿ ಬಂದಿದ್ದೇನೆ.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಹೋದ ವರ್ಷ ಆ ಜ್ವರ ನನ್ನ ಮಗನನ್ನು ನಮ್ಮಿಂದ ಕಿತ್ತುಕೊಂಡಾಗ ಹಡಗಿನ ಟಿಕೆಟ್ಟನ್ನು ಈ ವರ್ಷಕ್ಕೆ ಮುಂದೂಡಿಸಿಕೊಟ್ಟಳಲ್ಲ, ಕತ್ತಿಗೆ ಸ್ಕಾರ್ಫ್ ಕಟ್ಟಿಕೊಳ್ಳುವ ಹೆಂಗಸು, ಅವಳೇ ಇದ್ದಳು. ಮೂರರಲ್ಲಿ ಒಂದು ಟಿಕೆಟ್ ರದ್ದಾಗಿದೆ, ಉಳಿದೆರಡು ಹಾಗೇ ಇವೆ ಎಂದಳು. ಆಮೇಲೆ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು:

“ನಿಮ್ಮ ಜೊತೆ ಬರೋರು ನಿಮಗೆ ಏನಾಗಬೇಕು?”

“ಸೊಸೆ.”

“ಮಗ ಬರ್ತಿಲ್ವಾ?”

ಮರೆತಿದ್ದಳು, ಪಾಪ. ದಿನಕ್ಕೆ ಎಷ್ಟು ಜನ ಬರುತ್ತಾರೋ. ನನಗೂ ಅಳು ಬರಲಿಲ್ಲ. “ಅವನದು ಎರಡನೇ ದ್ವೀಪದ ದಿನ” ಎಂದುಬಿಟ್ಟೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ನಮ್ಮ ಮನೆಯ ಪದ್ಧತಿಯನ್ನು ಕೂತು ವಿವರಿಸಬೇಕಾಯಿತು. ನಾವು ಎಲ್ಲಿಗೇ ಹೋದರೂ ಪ್ರತಿ ದಿನಕ್ಕೆ ಒಬ್ಬ ಯಜಮಾನ. ಆ ದಿನ ಎಲ್ಲಿಗೆ ಹೋಗುವುದು, ಏನು ತಿನ್ನುವುದು, ಎಷ್ಟು ಹೊತ್ತಿಗೆ ತಿರುಗಿ ಬರುವುದು, ಎಲ್ಲ ಅವನು ಹೇಳಿದ ಹಾಗೆ. ಉಳಿದವರು ಮುಖ ಸಿಂಡರಿಸುವ ಹಾಗಿಲ್ಲ. ಗೊಣಗುವುದಿದ್ದರೆ ಊಟದ ಹೊತ್ತಿಗೆ. ನಿನ್ನ ಮಾವ ಇದ್ದಾಗ ಮಾಡಿದ ನಿಯಮ. ಹಾಲುಹಲ್ಲು ಬಿದ್ದ ವಯಸ್ಸಿನಲ್ಲಿ ನನ್ನ ಮಗ ಮೊದಲ ಸಲ ಯಜಮಾನನಾದಾಗ ನಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೆ ಕೂರಿಸಿ, ದೊಡ್ಡ ಬಸ್ಸುಗಳು ಹಿಂದಕ್ಕೆ ಬಂದು ತಿರುಗುವುದನ್ನು ತೋರಿಸಿದ. ಮದುವೆಯಾದ ಹೊಸದರಲ್ಲಿ ನಿನ್ನ ಸರದಿ ಬಂದಾಗ ನೀನು, “ನನ್ನ ದಿನ ಯಾರೂ ಏನೂ ಮಾಡಬಾರದು” ಎಂದು ಹೇಳಿ ಮಧ್ಯಾಹ್ನದವರೆಗೆ ಹೊದ್ದು ಮಲಗಿದೆ. ಅವನು ಹೆದರಿಕೊಂಡು ನನ್ನ ಮುಖ ನೋಡಿದ. ನನಗಂತೂ ಅವತ್ತೇ ನೀನು ಇಷ್ಟವಾದೆ.

ಇನ್ನು ಹಡಗಿನ ವಿಷಯ. ಇಸ್ತ್ರಿ ಅಂಗಡಿಯ ಮಹಡಿಯಲ್ಲಿ ಇರುತ್ತಾರಲ್ಲ, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಮುದುಕರು. ನಿಜಕ್ಕೂ ಕ್ಯಾಪ್ಟನ್ ಅಲ್ಲ, ಪ್ರವಾಸದ ಹಡಗುಗಳಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ಸೊಂಟ ಸಡಿಲ ಮಾಡಿಸಲು ಪ್ಯಾಂಟು ತಂದಿದ್ದರು.

“ಎಷ್ಟು ಬಿಡಲಿ ಕ್ಯಾಪ್ಟನ್?”

“ಒಳಗೆ ಎಷ್ಟು ಬಟ್ಟೆ ಇದೆಯೋ ಅಷ್ಟೂ ಬಿಡಮ್ಮ. ಈ ವಯಸ್ಸಲ್ಲಿ ಉಳಿಸಿ ಯಾರಿಗೆ ಕೊಡ್ಲಿ?”

ಹಡಗಿಗೆ ಹೊರಟಿದ್ದೇನೆ ಎಂದದ್ದೇ ತಡ, ಸ್ಟೂಲು ಎಳೆದುಕೊಂಡು, ನನ್ನ ಕೈಯಿಂದ ಗುರುತು ಹಾಕುವ ಸೀಮೆಸುಣ್ಣ ಕಿತ್ತುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮೂರು ದ್ವೀಪ ಬರೆದೇಬಿಟ್ಟರು. ಅದನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಮರೆತು ಅದರ ಮೇಲೇ ವಕೀಲರ ಕೋಟು ಹರಡಿ, ಈಗ ಅವರ ಬೆನ್ನ ಮೇಲೆ ಒಂದು ದ್ವೀಪ ಮೂಡಿದೆ. ಬ್ರಷ್ ಹಾಕಿ ತಿಕ್ಕಿದರೂ ಕಡಲತೀರ ಹೋಗಿಲ್ಲ.

ಅವರು ಹೇಳಿದ್ದನ್ನು ಗಮನವಿಟ್ಟು ಓದಿಕೋ. ದ್ವೀಪದ ಗಡಿಯಾರ ಬೇರೆ ಇರಬಹುದು, ಹಡಗಿನ ಗಡಿಯಾರ ಬೇರೆ. ದಡದಲ್ಲಿ ಯಾರು ಏನೇ ಸಮಯ ಹೇಳಲಿ, ನಾವು ಹಡಗಿನ ಸಮಯವನ್ನೇ ಕೈಗೆ ಕಟ್ಟಿಕೊಂಡಿರಬೇಕು. “ಹಡಗು ನಿಮ್ಮ ಸೋದರಮಾವ ಅಲ್ಲಮ್ಮ, ಬಾಗಿಲಲ್ಲಿ ನಿಂತು ಕಾಯಲ್ಲ” ಎಂದರು. ಇಳಿಯುವಾಗ ಮೊದಲ ನೂಕುನುಗ್ಗಲಿನಲ್ಲಿ ಸೇರಬಾರದು. ನಿಧಾನವಾಗಿ ತಿಂಡಿ ಮುಗಿಸಿ ಹೊರಟರೆ ಸಾಲು ಕರಗಿರುತ್ತದೆ. ದೂರದ ಜಾಗವಿದ್ದರೆ ಬೆಳಿಗ್ಗೆಯೇ ನೋಡಿ, ಮಧ್ಯಾಹ್ನದ ಮೇಲೆ ಹಡಗು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದುಬಿಡಬೇಕು. ಒಂದು ದಿನಕ್ಕೆ ಒಂದೇ ಜಾಗ. “ಎರಡು ಅಂದ್ಕೊಂಡೋರು ಎರಡನ್ನೂ ಬಸ್ಸಿನ ಕಿಟಕಿಯಿಂದ ನೋಡ್ತಾರೆ” ಎಂಬುದು ಅವರ ಅನುಭವ.

ಹಾಗಾಗಿ ಹೀಗೆ ಗೊತ್ತುಮಾಡಿದ್ದೇನೆ.

ಮೊದಲ ದ್ವೀಪ ನನ್ನದು. ಹಡಗು ಊರಿನ ಬುಡಕ್ಕೇ ಬಂದು ನಿಲ್ಲುತ್ತದಂತೆ, ಇಳಿದರೆ ಪೇಟೆ. ಅಲ್ಲಿನ ಹೆಂಗಸರು ಒಣಗಿದ ತೆಂಗಿನ ಗರಿ ಹೆಣೆದು ಟೋಪಿ ಮಾಡಿ ಮಾರುತ್ತಾರೆ. ಅಂಚನ್ನು ಹೇಗೆ ಮುಗಿಸುತ್ತಾರೆ ನೋಡಬೇಕು. ದಾರ ಕಾಣದ ಹಾಗೆ ಮುಗಿಸುತ್ತಾರೆ ಎಂದರು ಕ್ಯಾಪ್ಟನ್, ನಾನು ನಂಬಿಲ್ಲ. ಅದಾದ ಮೇಲೆ ಮಂಡಿಯವರೆಗೆ ನೀರಿನಲ್ಲಿ ಕಾಲು ಬಿಟ್ಟು ಕೂರುವುದು. ನೀನು ಮುಖ ಸಿಂಡರಿಸುವ ಹಾಗಿಲ್ಲ.

ಮೂರನೆಯದು ನಿನ್ನದು. ನೀರಿನೊಳಗೆ ಮುಖ ಮುಳುಗಿಸಿ ಮೀನು ನೋಡಬೇಕು ಎಂದಿದ್ದೆ. ಕನ್ನಡಕ ತೆಗೆದರೆ ನಿನಗೆ ತಿಮಿಂಗಿಲ ಬಂದರೂ ಕಾಣುವುದಿಲ್ಲ ಎಂದು ಅವನು ರೇಗಿಸುತ್ತಿದ್ದ. ಮೀನು ನೋಡುವ ಮುಖವಾಡಕ್ಕೂ ಪವರ್ ಗಾಜು ಹಾಕಿಸಬಹುದಂತೆ. ನೀನು ಕೆಲಸ ಮಾಡುವುದೇ ಕನ್ನಡಕದ ಅಂಗಡಿಯಲ್ಲಿ, ನಿನಗೆ ನಾನು ಹೇಳಬೇಕೇ? ಬಿಸಿಲಿಗೆ ಬೆನ್ನು ಸುಡಬಾರದೆಂದು ತುಂಬುತೋಳಿನ ಈಜು ಅಂಗಿ ಹೊಲಿದಿದ್ದೇನೆ. ಎಳೆದರೆ ಹಿಗ್ಗುವ ಬಟ್ಟೆ. ನೇರ ಹೊಲಿಗೆ ಹಾಕಿದರೆ ಕೈ ಎತ್ತಿದ ಕೂಡಲೇ ಪಟ್ಟನೆ ಬಿಡುತ್ತದೆ, ಅದಕ್ಕೆ ಎಲ್ಲ ಕಡೆ ಜಿಗ್‌ಜಾಗ್ ಹಾಕಿದ್ದೇನೆ. ನಿನ್ನ ಹಳೆಯ ಅಳತೆಗೇ ಹೊಲಿದದ್ದು. ನೀನು ಇಳಿದುಹೋಗಿದ್ದರೆ ಬೈಸಿಕೊಳ್ಳುತ್ತೀಯ.

ಉಳಿದದ್ದು ಎರಡನೆಯದು. ನಮ್ಮ ಜಗಳ ಹುಟ್ಟಿದ್ದೇ ಅಲ್ಲಿ.

ಅಲ್ಲಿ ಆಳ ಸಾಲದೆಂದು ಹಡಗು ದೂರದಲ್ಲೇ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಊರಿಲ್ಲ, ಪೇಟೆಯಿಲ್ಲ. ಮರಳು, ತೆಂಗಿನ ಮರ, ನೀರಿನೊಳಕ್ಕೆ ಚಾಚಿದ ಮರದ ಕಟ್ಟೆ. ಇದನ್ನೇ ಅವನು ತನ್ನ ದಿನವೆಂದು ಆರಿಸಿಕೊಂಡ. ಏನು ಮಾಡುತ್ತೀಯೋ ಎಂದರೆ, “ಅಲ್ಲಿಗೆ ಹೋದ ಮೇಲೆ ಹೇಳ್ತೀನಿ. ಈಗ ಬಾಯಿಬಿಟ್ರೆ ಅತ್ತೆ ಸೊಸೆ ಸೇರಿ ಕೆಡಿಸಿಬಿಡ್ತೀರಿ” ಎಂದು ನಕ್ಕ. ಹೇಳದೆಯೇ ಹೋದ.

ಗಾಳ ಹಾಕಿ ಕೂರುತ್ತಿದ್ದ ಎಂದು ನಾನು. ಮಲಗಿಬಿಡುತ್ತಿದ್ದರು ಎಂದು ನೀನು. ನನ್ನ ಮಗ ನನಗೆ ಗೊತ್ತಿಲ್ವಾ ಎಂದೆ. ನನ್ನ ಗಂಡ ನನಗೆ ಗೊತ್ತಿಲ್ವಾ ಎಂದೆ ನೀನು. ಆಮೇಲೆ ನೀನು ಹೇಳಿದ್ದು: “ಅವರಿಗೆ ನಿದ್ದೆ ಬೇಕಿತ್ತು ಅಮ್ಮ, ಅಷ್ಟೇ. ನಿಮ್ಮನೆಗೆ ಬಂದಾಗ ನೀವು ಅವರನ್ನ ಮಲಗೋಕೆ ಬಿಟ್ಟಿದ್ದು ಯಾವಾಗ?”

ಆ ಮಾತು ಸೂಜಿಯ ಹಾಗೆ ಉಗುರಿನ ಸಂದಿಗೇ ಹೋಯಿತು. ನನ್ನ ಮುಂದೆ ಅವನು ಆಕಳಿಸಿದ್ದನ್ನೇ ನಾನು ನೋಡಿಲ್ಲ. ಬಂದರೆ ಕಿಟಕಿಯ ಚಿಲಕ ಸರಿಮಾಡುತ್ತಿದ್ದ, ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ, ನನ್ನನ್ನು ನಗಿಸಿ ನಗಿಸಿ ಹೋಗುತ್ತಿದ್ದ. ಕೊನೆಗೆ ತಡೆಯಲಾಗದೆ ಅವನ ಜೊತೆ ಲಿಫ್ಟ್ ರಿಪೇರಿಗೆ ಹೋಗುತ್ತಿದ್ದ ಹುಡುಗ, ನೀವೆಲ್ಲ ಸ್ಪ್ಯಾನರ್ ಎನ್ನುತ್ತೀರಲ್ಲ, ಅವನನ್ನು ಅಂಗಡಿಗೆ ಕರೆಸಿದೆ. ಕೂರಿಸಿ ನೇರವಾಗಿ ಕೇಳಿದೆ: ನನ್ನ ಮಗನಿಗೆ ಸುಸ್ತಾಗುತ್ತಿತ್ತೇ?

ಅವನು ಗೋಡೆ ನೋಡಿದ, ದಾರದ ಉಂಡೆ ನೋಡಿದ. “ನಿಮ್ಮ ಮುಂದೆ ಹುಲಿ ಅಮ್ಮ ಅವನು. ಲಿಫ್ಟ್ ಸಿಕ್ಕಿಹಾಕ್ಕೊಂಡ್ರೆ ಯಾವ ಹೊತ್ತಲ್ಲಾದ್ರೂ ಫೋನ್ ಬರೋದಲ್ವಾ, ನಿದ್ದೆ ಎಲ್ಲಿಂದ ಬರ್ಬೇಕು? ಮೇಲೆ ಮೆಷಿನ್ ರೂಮಲ್ಲಿ ಟೂಲ್ ಬ್ಯಾಗ್ ತಲೆ ಕೆಳಗಿಟ್ಕೊಂಡು ಮಲಗಿಬಿಡೋನು. ‘ಹತ್ತು ನಿಮಿಷ ಕಣೋ, ಯಾರಾದ್ರೂ ಕೇಳಿದ್ರೆ ಗ್ರೀಸ್ ಹಚ್ತಿದ್ದಾನೆ ಅನ್ನು’ ಅನ್ನೋನು.”

ನಾನು ನಕ್ಕುಬಿಟ್ಟೆ. ಅವನೂ ನಕ್ಕ.

ಹಾಗಾಗಿ ನಿನ್ನ ಮಾತನ್ನು ಒಪ್ಪಿದ್ದೇನೆ. ಅರ್ಧ ಮಾತ್ರ. ಗಾಳದ ವಿಷಯ ಬಿಟ್ಟುಕೊಟ್ಟಿಲ್ಲ. ಚಿಕ್ಕವನಿದ್ದಾಗ ನನ್ನ ಅಂಗಡಿಯ ದಪ್ಪ ದಾರಕ್ಕೆ ಗುಂಡುಸೂಜಿ ಬಗ್ಗಿಸಿ ಕಟ್ಟಿ, ಕಾಲುವೆಯ ದಂಡೆಯಲ್ಲಿ ಕೂರುತ್ತಿದ್ದ. ಒಂದು ಮೀನೂ ಸಿಕ್ಕಿದ್ದಿಲ್ಲ, ಎದ್ದು ಬಂದದ್ದೂ ಇಲ್ಲ. ಕರೆಯಲು ಹೋದರೆ ತಿರುಗಿ ನೋಡದೆ ಕೈ ಮಾತ್ರ ಹಿಂದಕ್ಕೆ ಚಾಚಿ ಸುಮ್ಮನಿರು ಎಂದು ಸನ್ನೆ ಮಾಡುತ್ತಿದ್ದ. ಆ ಕೈಯನ್ನು ನೀನು ನೋಡಿಲ್ಲ.

ಮೇಜಿನ ಮೇಲಿನ ಎರಡನೆಯ ದ್ವೀಪ ನೋಡುತ್ತಾ ನನಗೆ ಹೊಳೆದದ್ದು ಇದು. ಅಲ್ಲಿ ಮರದಿಂದ ಮರಕ್ಕೆ ಬಲೆಯ ಹಾಸಿಗೆ ಕಟ್ಟಿರುತ್ತಾರಂತೆ, ತೊಟ್ಟಿಲ ಹಾಗೆ ತೂಗುತ್ತದೆ. ಮರದ ಕಟ್ಟೆಯ ಮೇಲೆ ಬಾಡಿಗೆಗೆ ಗಾಳ ಕೊಡುತ್ತಾರಂತೆ. ಆ ದಿನ ಆ ಹಾಸಿಗೆಯಲ್ಲಿ ಮಲಗುವವಳು ನಾನು. ಗಾಳ ಹಿಡಿದು ಕೂರುವವಳು ನೀನು. ನೀನು ಕಂಡವನನ್ನು ನಾನು ಸ್ವಲ್ಪ ನೋಡುತ್ತೇನೆ, ನಾನು ಕಂಡವನನ್ನು ನೀನು ನೋಡು. ದೋಣಿಗೆ ಹೊತ್ತಾದಾಗ ಯಾರು ಯಾರನ್ನು ಎಬ್ಬಿಸಬೇಕೋ ಎಬ್ಬಿಸಿದರಾಯಿತು. ಮೀನು ಸಿಕ್ಕರೆ ನೀನು ನಿಯಮ ಮುರಿದ ಹಾಗೆ.

ಕ್ಯಾಪ್ಟನ್‌ಗೆ ಹೇಳಿದೆ. ಬಹಳ ಹೊತ್ತು ತಲೆ ಕೆರೆದುಕೊಂಡು, “ಒಂದು ದಿನಕ್ಕೆ ಒಂದೇ ಜಾಗ ಅಂದಿದ್ನಲ್ಲಮ್ಮ. ಇದು ಸರಿಯಾಗಿದೆ” ಎಂದರು.

ಬೆಳಿಗ್ಗೆಯ ಬಸ್ಸಿಗೆ ಹೊರಟು ಬಾ, ಹಡಗು ಹತ್ತುವ ಹಿಂದಿನ ದಿನವೇ. ನಿನ್ನ ಕೋಣೆ ಗುಡಿಸಿದ್ದೇನೆ. ಚಪ್ಪಲಿ ಒದ್ದೆಯಾದರೆ ಜಾರದಂಥದ್ದು ತಾ. ನಿನಗೆ ಒಳ್ಳೆಯದಾಗಲಿ, ನಿನ್ನ ಕಣ್ಣು ತಂಪಾಗಿರಲಿ, ಮೂರು ದಿನವೂ ಬಿಸಿಲಿರಲಿ.

ನೀನು ಅಮ್ಮ ಎನ್ನುವ,
ನಿನ್ನ ಅತ್ತೆ

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಹೋದ ವಾರ ನಿನ್ನ ಅಕ್ಕ ಜಿಪ್ ಹಾಕಿಸಲು ಜಾಕೀಟು ತಂದಿದ್ದಳು. ಜಿಪ್ ಚೆನ್ನಾಗಿಯೇ ಇತ್ತು. ಅದನ್ನು ಮೇಲೆ ಕೆಳಗೆ ಎಳೆಯುತ್ತಾ ಹೇಳಿದಳು: “ಅವಳಿಗೆ ಒಬ್ಬರು ಪರಿಚಯ ಆಗಿದಾರೆ ಅಮ್ಮ. ಒಳ್ಳೆಯವರು. ನಿಮಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದಾಳೆ. ಹಡಗು ಬೇಡ ಅಂತಿರೋದೂ ಅದಕ್ಕೇ.” ಏನು ಕೆಲಸ ಅವರದು ಎಂದೆ. ಮಕ್ಕಳಿಗೆ ಈಜು ಕಲಿಸುತ್ತಾರಂತೆ. ಒಳ್ಳೆಯದಾಯಿತು, ಬರುವ ಮುಂಚೆ ಅವರಿಂದ ಉಸಿರು ಹಿಡಿಯುವುದನ್ನು ಕಲಿತು ಬಾ.

ಮದುವೆ ಮಾಡಿಕೋ. ನಾನೇ ಹೊಲಿದು ಕೊಡುತ್ತೇನೆ. ನನ್ನ ಸಂಕಟ ಅದಲ್ಲ. ಇಲ್ಲಿ ನಾನು ಅವನ ಬಗ್ಗೆ ಏನು ಹೇಳಿದರೂ ಎಲ್ಲರೂ ಪಾಪ ಎಂದು ತಲೆಯಾಡಿಸುತ್ತಾರೆ. ಸ್ಪ್ಯಾನರ್ ಕೂಡ ನಾನು ಒತ್ತಿ ಕೇಳಿದ್ದಕ್ಕೆ ಬಾಯಿಬಿಟ್ಟದ್ದು. “ಇಲ್ಲ ಅಮ್ಮ, ಅವರು ಹಾಗಿರಲಿಲ್ಲ” ಎಂದು ನನ್ನ ಮುಖಕ್ಕೆ ಹೇಳುವವಳು ನೀನೊಬ್ಬಳೇ. ನೀನೂ ಸುಮ್ಮನಾದರೆ, ನನ್ನ ಮಗ ನಾನು ಹೇಳಿದಷ್ಟೇ ಆಗಿ ಉಳಿದುಬಿಡುತ್ತಾನೆ.

ಯಾರ ಮನೆಗೆ ಬೇಕಾದರೂ ಹೋಗು. ಜಗಳಕ್ಕೆ ಮಾತ್ರ ಇಲ್ಲಿಗೆ ಬರುತ್ತಿರು.