ಕುದುರೆ ಚಿತ್ರದ ಪಕ್ಕದವಳು

ಚಿತ್ರಶಾಲೆಯ ಮೇಲಧಿಕಾರಿಗಳಿಗೆ ನಮಸ್ಕಾರ.

ಫೋನ್ ಮಾಡಿದರೆ ಬರೆದು ಕಳಿಸಿ ಎನ್ನುತ್ತೀರಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೆಂಥ ಶಿಕ್ಷೆ? ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ದೇಶದೇಶಗಳ ಚಿತ್ರಶಾಲೆ ಸುತ್ತುವುದನ್ನು ಕಲಿತಿದ್ದೇನೆ. ಬಾಣದ ಗುರುತು ಒತ್ತುತ್ತಾ ನಿಮ್ಮಲ್ಲಿಗೂ ಬಂದೆ. ಏಳನೇ ಕೋಣೆಯಲ್ಲಿ, ದೊಡ್ಡ ಕುದುರೆ ಚಿತ್ರದ ಪಕ್ಕ, ನೀಲಿ ಕೋಟು ತೊಟ್ಟು ಕಾವಲು ನಿಂತಿರುವವಳು ನನ್ನ ಮಗಳು. ಅವಳ ಮುಖವನ್ನು ಮಸುಕು ಮಾಡಿಬಿಟ್ಟಿದ್ದೀರಿ! ಕುದುರೆಯ ಮೂಗಿನ ಕೂದಲು ಕೂಡ ಕಾಣುತ್ತದೆ, ನನ್ನ ಮಗಳ ಮೂಗೇ ಕಾಣುವುದಿಲ್ಲ.

ನಿಂತ ಭಂಗಿಯಲ್ಲೇ ನಾನು ಗುರುತು ಹಿಡಿದೆ. ಒಂದೇ ಕಾಲಿಗೆ ಭಾರ ಹಾಕಿ, ಕೈ ಹಿಂದೆ ಕಟ್ಟಿ ನಿಲ್ಲುವುದು ನನ್ನಿಂದಲೇ ಬಂದದ್ದು. ನಾದಿನಿಗೆ ತೋರಿಸಿದರೆ, "ಇದು ಯಾರು ಬೇಕಾದ್ರೂ ಆಗ್ಬಹುದು ಅತ್ತಿಗೆ, ಮುಖ ಎಲ್ಲಿದೆ?" ಎಂದು ನಕ್ಕಳು.

ಮಗಳನ್ನು ಕೇಳಿದರೆ, "ಅದು ನಿಯಮ ಕಣಮ್ಮ, ಯಾರ ಮುಖಾನೂ ತೋರ್ಸಲ್ಲ, ಸುಮ್ನಿರು" ಎನ್ನುತ್ತಾಳೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವಳು ಅಲ್ಲಿ ನಿಂತ ಮೇಲೆ ಆ ಕೋಣೆಯ ಒಂದು ಚಿತ್ರಕ್ಕೂ ಯಾರ ಬೆರಳೂ ತಾಗಿಲ್ಲ. ಮುಖ ಮುಚ್ಚಲು ಅವಳೇನು ಕಳ್ಳಿಯೇ? ಅವಳ ಒಪ್ಪಿಗೆ ಬೇಕಿದ್ದರೆ ಏಳನೇ ಕೋಣೆಗೆ ಹೋಗಿ ಕೇಳಿ, ಅಲ್ಲೇ ನಿಂತಿರುತ್ತಾಳೆ. ಹೋದವರು ಚಿತ್ರಗಳಿಂದ ಸ್ವಲ್ಪ ದೂರ ನಿಲ್ಲಿ. ಅಧಿಕಾರಿ ಎಂದು ಅವಳು ಬಿಡುವವಳಲ್ಲ.

ನಾದಿನಿ ಇಪ್ಪತ್ತನೇ ತಾರೀಕು ಮತ್ತೆ ಬರುತ್ತಾಳೆ. ಹತ್ತೊಂಬತ್ತರೊಳಗೆ ಮುಖ ಬರಬೇಕು, ಇಲ್ಲವೇ ಉತ್ತರ ಬರಬೇಕು.

ಇಂತಿ,
ಏಳನೇ ಕೋಣೆಯ ಕಾವಲುಗಾರ್ತಿಯ ತಾಯಿ